ಜೀವವಿರುವ ನೀರು

ಸ್ಫಾಕ್ಸ್
ಅಕ್ಟೋಬರ್ 12, 2008

ಪ್ರೀತಿಯ ಲಾಮೀನ್ ಅಣ್ಣ,

ನಿನಗೆ ಪತ್ರ ಬರೆಯಲು ಕೊನೆಗೂ ಒಪ್ಪಿಗೆ ಸಿಕ್ಕಿದೆ ಎಂದು ಅಮ್ಮ ಮೊನ್ನೆ ಫೋನಿನಲ್ಲಿ ಹೇಳಿದಳು. ಹಾಳೆ ಮುಂದಿಟ್ಟುಕೊಂಡು ಕೂತರೆ ಏನು ಬರೆಯಬೇಕೋ ತೋಚದು. ಜೈಲಿನಲ್ಲಿರುವವನನ್ನು ಕ್ಷೇಮವೇ ಎಂದು ಹೇಗೆ ಕೇಳುವುದು? ನನ್ನ ಸಮಾಚಾರವನ್ನೇ ಬರೆಯುತ್ತೇನೆ.

ಆಗಸ್ಟ್‌ನಲ್ಲಿ ನಾನೂ ಬಂದಿದ್ದೆ. ಭೇಟಿಯ ಚೀಟಿ ಅಮ್ಮನ ಹೆಸರಿಗೆ ಮಾತ್ರ ಇದೆ ಎಂದು ಬಾಗಿಲಲ್ಲೇ ತಡೆದರು. ಗೋಡೆಯ ನೆರಳಿನಲ್ಲಿ ನಿಂತಿದ್ದೆ. ಅಮ್ಮ ತುಂಬಿದ ಬುಟ್ಟಿ ಒಳಗೆ ಒಯ್ದು ಖಾಲಿ ಬುಟ್ಟಿ ಹಿಡಿದು ಬಂದಳು. ದಾರಿಯುದ್ದಕ್ಕೂ "ಅವನೇನೂ ಸಣ್ಣಗಾಗಿಲ್ಲ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನೀನು ಸಣ್ಣಗಾಗಿದ್ದೀಯ ಎಂದು ನನಗೆ ತಿಳಿದದ್ದು ಹಾಗೆ.

ಫಾಸ್ಫೇಟ್ ರೈಲು ಮತ್ತೆ ಓಡುತ್ತಿದೆ. ಕೆಲಸ ಕೇಳಿ ನೀವೆಲ್ಲ ಹಳಿಯ ಮೇಲೆ ಡೇರೆ ಹಾಕಿ ಕೂತಿದ್ದಾಗ ಇಲ್ಲಿನ ಬಂದರಿಗೆ ಒಂದು ಬೋಗಿಯೂ ಬಂದಿರಲಿಲ್ಲ. ಈಗ ನನ್ನ ಕೋಣೆಯ ಹಿಂದೆಯೇ ಹಾದುಹೋಗುತ್ತದೆ. ನಮ್ಮೂರು ಬಿರ್ ಲಖ್ದರ್‌ನ ಗಣಿಯ ಧೂಳನ್ನು ಸ್ಫಾಕ್ಸ್‌ನಲ್ಲಿ ಕೂತು ಒರೆಸುತ್ತೇನೆ.

ಆ ಡೇರೆಯ ದಿನಗಳಲ್ಲಿ ಊರಿಗೆ ಬಂದಿದ್ದೆನಲ್ಲ, ಅದಿರು ತೊಳೆಯುವ ಕಾರ್ಖಾನೆಯ ಹಿಂದಿನ ಕೆಸರು ಕೊಳಕ್ಕೆ ನೀನೇ ಪ್ಯಾಂಟು ಮಡಚಿ ಇಳಿದು ನನ್ನ ಸಂಶೋಧನೆಗೆ ಬಾಟಲಿಗಳಲ್ಲಿ ನೀರು ತುಂಬಿಕೊಟ್ಟಿದ್ದೆ. "ನಮಗಂತೂ ಕೆಲಸ ಕೊಡಲಿಲ್ಲ, ನಿನ್ನ ಕ್ರಿಮಿಗಳಿಗಾದ್ರೂ ಕಂಪನಿಯೋರು ಕೊಡ್ಲಿ" ಎಂದಿದ್ದೆ. ಆ ನೀರಿನಿಂದ ಒಂದು ಬ್ಯಾಕ್ಟೀರಿಯಾ ಸಿಕ್ಕಿದೆ. ಹಾಲು ಬೆರೆಸಿದ ಬಿಳಿ ತಟ್ಟೆಯ ಮೇಲೆ ಅದನ್ನು ಬೆಳೆಸುತ್ತೇವೆ. ಅದು ಒಂದು ಕಿಣ್ವವನ್ನು ಹೊರಬಿಟ್ಟು ಸುತ್ತಲಿನ ಹಾಲನ್ನು ಕರಗಿಸಿಬಿಡುತ್ತದೆ. ಬಿಳಿಯ ನಡುವೆ ಕನ್ನಡಿಯಂಥ ಉಂಗುರ. ಬೇರೆ ಎಷ್ಟೋ ತಟ್ಟೆಗಳಲ್ಲಿ ಉಂಗುರ ಮೂಡಿದೆ, ಇಷ್ಟು ಅಗಲದ್ದು ನಾನು ಕಂಡಿಲ್ಲ. ಚರ್ಮದ ಮೇಲೂ ಪರೀಕ್ಷಿಸಬೇಕು ಎನ್ನುತ್ತಾರೆ ನಮ್ಮ ಪ್ರಾಧ್ಯಾಪಕರು ಸಿ ಶಾಕಿರ್. ಕೂದಲು ತೆಗೆಯುವುದಕ್ಕೆ ಚರ್ಮದ ಕಾರ್ಖಾನೆಗಳಲ್ಲಿ ಹಾಕುವ ವಿಷದ ಬದಲು ಈ ಕಿಣ್ವ ಬಳಸಬಹುದೇನೋ.

ಖರ್ಚು ಫಾಸ್ಫೇಟ್ ಕಂಪನಿಯದೇ. ಅದರ ಬಗ್ಗೆ ನಾವಿಬ್ಬರೂ ಜಗಳವಾಡಿ ಮುಗಿಸಿದ್ದೇವೆ, ಮತ್ತೆ ಶುರುಮಾಡಬೇಡ.

ನಿನ್ನ ತಂಗಿ,
ಝಕಿಯಾ


ಜೈಲಿನಿಂದ
ನವೆಂಬರ್ 6, 2008

ಝಕಿಯಾ,

ಜಗಳ ಶುರುಮಾಡುವುದಿಲ್ಲ. ಇಲ್ಲಿ ಜಗಳವಾಡಲು ಬೇಕಾದಷ್ಟು ಜನ ಇದ್ದಾರೆ.

ಒಂದು ಉದ್ದನೆಯ ಕೋಣೆ, ಎರಡಂತಸ್ತಿನ ಮಂಚಗಳು. ಹಾಸಿಗೆಗೆ ಸರದಿ, ನಲ್ಲಿಗೆ ಸರದಿ, ಕಿಟಕಿಯ ಬಳಿ ನಿಲ್ಲುವುದಕ್ಕೂ ಸರದಿ. ನಿರುದ್ಯೋಗಿ ಪದವೀಧರರ ಸಂಘದ ಕಾರ್ಯದರ್ಶಿಯಾಗಿದ್ದವನಿಗೆ ಸರದಿಯಲ್ಲಿ ನಿಲ್ಲುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ಅರಬ್ಬಿ ಸಾಹಿತ್ಯದಲ್ಲಿ ಮಾಡಿದ ಪದವಿಯೂ ಇಲ್ಲಿ ಕೆಲಸಕ್ಕೆ ಬಂತು. ಎಲ್ಲರ ಅರ್ಜಿಗಳನ್ನು ನಾನೇ ಬರೆಯುತ್ತೇನೆ. ಹೆಂಡತಿಯರಿಗೆ ಬರೆಯುವ ಪತ್ರಗಳೂ ನನ್ನವೇ. ಎಲ್ಲ ಹೆಂಡತಿಯರಿಗೂ ಒಂದೇ ಮಾತು ಹೋಗುತ್ತಿದೆ, ಅವರು ಒಟ್ಟಿಗೆ ಸೇರದಿದ್ದರೆ ಸಾಕು.

ಹಾಸಿಗೆಯಲ್ಲಿ ನನಗೆ ಜೊತೆಗಾರ ಜಿಲಾನಿ ಮಾಮ. ಕೈರೊವಾನ್‌ನಲ್ಲಿ ಚರ್ಮ ಹದ ಮಾಡುತ್ತಿದ್ದವನು. ಬೇಲಿಯ ಜಗಳದಲ್ಲಿ ಭಾವನ ತಲೆ ಒಡೆದು ಬಂದಿದ್ದಾನೆ. ಸುಣ್ಣದ ತೊಟ್ಟಿಯಲ್ಲಿ ಕೈಯಾಡಿಸಿ ಉಗುರುಗಳೇ ಉಳಿದಿಲ್ಲ. ನಿನ್ನ ಪತ್ರವನ್ನು ಅವನಿಗೆ ಓದಿ ಹೇಳಿದೆ. ಕೂದಲಿನ ವಿಷಯ ಬಂದಾಗ ಎದ್ದು ಕೂತ. ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತ, "ಅದು ಬಂದ್ರೆ ಕೈ ಉಳೀತದೆ. ಕೂಲಿ ಉಳೀತದಾ ಅಂತ ನಿನ್ನ ತಂಗೀನ ಕೇಳು" ಎಂದ. ಕೇಳಿದ್ದೇನೆ, ಉತ್ತರ ಬರೆ.

ನಾನು ಸಣ್ಣಗಾಗಿಲ್ಲ. ಅಮ್ಮನ ಮಾತು ನಂಬು.

ಲಾಮೀನ್


ಸ್ಫಾಕ್ಸ್
ಡಿಸೆಂಬರ್ 19, 2008

ಪ್ರೀತಿಯ ಅಣ್ಣ,

ಈ ಬಕ್ರೀದ್‌ಗೆ ಅಮ್ಮ ಕುರಿ ಕೊಯ್ಯಿಸಲಿಲ್ಲ. ಪಕ್ಕದ ಮನೆಯವರ ಕುರಿಯ ಚರ್ಮ ಬೇಡಿಕೊಂಡು, ಉಪ್ಪು ತಿಕ್ಕಿ, ಗೋಣಿಯಲ್ಲಿ ಸುತ್ತಿ ಬಾಡಿಗೆ ವ್ಯಾನಿನಲ್ಲಿ ನನಗೆ ಕಳಿಸಿದಳು. ನಿಲ್ದಾಣದಲ್ಲಿ ಡ್ರೈವರ್ ನನ್ನನ್ನು ಕಂಡವನೇ, "ನೀವೇನಾ ಝಕಿಯಾ? ಹಿಂದಿನ ಸೀಟಿನೋರು ಇಳಿದೇ ಹೋದ್ರು, ನೋಡಿ" ಎಂದು ಗೋಣಿಯನ್ನು ಕಾಲಿನಲ್ಲಿ ತಳ್ಳಿದ.

ಚರ್ಮವನ್ನು ತುಂಡು ಮಾಡಿ ಕಿಣ್ವದ ನೀರಿನಲ್ಲಿ ನೆನೆಹಾಕಿದೆ. ಮರುದಿನ ಬೆಳಿಗ್ಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ, ಅಣ್ಣ. ಉಣ್ಣೆ ಹಾಗೇ ಜಾರಿ ಬಂತು. ಕೆಳಗೆ ಚರ್ಮ ಹಸುಗೂಸಿನ ಕೆನ್ನೆಯಂತಿತ್ತು. ಗಬ್ಬು ನಾತವಿಲ್ಲ, ಕೈ ಉರಿಯಲಿಲ್ಲ. ಉಪ್ಪು, ಲೋಹ ಏನು ಬೆರೆಸಿದರೂ ಈ ಕಿಣ್ವ ಸೋಲುವುದಿಲ್ಲ. ನಮ್ಮ ಕೊಳದಲ್ಲಿ ಬೆಳೆದದ್ದಲ್ಲವೇ, ಅದಕ್ಕಿಂತ ಕೆಟ್ಟದ್ದನ್ನು ಕಂಡಿದೆ. ಪ್ರಯೋಗಾಲಯದವರೆಲ್ಲ ಸುತ್ತ ನಿಂತಿದ್ದರು. ನಾನು ಬಾಯಿ ತುಂಬ ನಕ್ಕೆ. ಆಮೇಲೆ ನೆನಪಾಗಿ ಕೈ ಅಡ್ಡ ಹಿಡಿದೆ. ನಮ್ಮೂರಿನ ನೀರು ಕೊಟ್ಟ ಕಂದು ಹಲ್ಲುಗಳನ್ನು ಇಲ್ಲಿಯವರು ನೋಡಿಯೂ ನೋಡದಂತೆ ಇರುತ್ತಾರೆ, ಅದು ಇನ್ನೂ ಕಷ್ಟ.

ಸಿ ಶಾಕಿರ್ ತಕ್ಷಣ ಕಂಪನಿಗೆ ಫೋನು ಮಾಡಿದರು.

ಕೂಲಿ ಉಳಿಯುತ್ತದೆ ಎಂದು ಜಿಲಾನಿ ಮಾಮನಿಗೆ ಮಾತು ಕೊಡಲಾರೆ. ಹಾಗೆಂದೇ ಹೇಳು.

ಹಬ್ಬದ ದಿನ ಬುಟ್ಟಿಯಲ್ಲಿ ಬಂದ ಮಾಂಸವೂ ಪಕ್ಕದ ಮನೆಯದೇ. ಅಮ್ಮ ತಾನು ಒಂದು ತುಂಡನ್ನೂ ಮುಟ್ಟಲಿಲ್ಲವಂತೆ.

ಝಕಿಯಾ


ಸ್ಫಾಕ್ಸ್
ಫೆಬ್ರವರಿ 2, 2009

ಅಣ್ಣ,

ನಿನ್ನ ಉತ್ತರ ಬರಲಿಲ್ಲ. ಬಂದಿದ್ದರೂ ನನಗೆ ತಲುಪಲಿಲ್ಲ. ಒಂದು ವಿಷಯದಲ್ಲಿ ನಿನ್ನ ಮಾತು ಬೇಕು.

ಕಂಪನಿಯ ಕಚೇರಿಗೆ ಕರೆದಿದ್ದರು, ನನ್ನನ್ನೂ ಸಿ ಶಾಕಿರ್‌ರನ್ನೂ. ಮಾರ್ಚ್‌ನಲ್ಲಿ ಬಿರ್ ಲಖ್ದರ್‌ನಲ್ಲೇ ಒಂದು ಸಮಾರಂಭ ಮಾಡುತ್ತಾರಂತೆ. ಊರಿನ ಮಗಳು, ಊರಿನ ನೀರು, ದೇಶಕ್ಕೊಂದು ಹೊಸ ಕಿಣ್ವ. ನಾನು ಭಾಷಣ ಓದಬೇಕು. ಅದನ್ನು ಅವರೇ ಬೆರಳಚ್ಚು ಮಾಡಿಸಿಟ್ಟಿದ್ದರು. ನಡುವೆ ಒಂದು ಮಾತಿದೆ: "ಜೀವವಿರುವ ನೀರು ವಿಷವಲ್ಲ ಎಂಬುದನ್ನು ನನ್ನ ಸಂಶೋಧನೆ ತೋರಿಸಿಕೊಟ್ಟಿದೆ."

ಅದು ಹಾಗಲ್ಲ ಎಂದೆ. ಉಳಿದದ್ದೆಲ್ಲ ಸತ್ತಮೇಲೆ ತಾಳಿಕೊಂಡು ಉಳಿದ ಜೀವ ಇದು, ಇದನ್ನು ನೋಡಿ ಮನುಷ್ಯರು ಆ ನೀರು ಕುಡಿಯಬಾರದು ಎಂದೆ. ಎದುರಿಗಿದ್ದ ಅಧಿಕಾರಿ ನನ್ನ ಲೋಟಕ್ಕೆ ಮತ್ತೆ ಚಹಾ ಬಗ್ಗಿಸಿದ. ಆಮೇಲೆ ನಿನ್ನ ಹೆಸರು ಎತ್ತಿದ. "ಓದಿದ ಹುಡುಗ, ಪಾಪ. ಮಾರ್ಚ್ ಇಪ್ಪತ್ತು ಸ್ವಾತಂತ್ರ್ಯದ ಹಬ್ಬಕ್ಕೆ ಕ್ಷಮಾದಾನದ ಪಟ್ಟಿ ಆಗ್ತದಲ್ಲಮ್ಮ. ಒಳ್ಳೆ ಮನೆತನ ಅಂತ ನಾಲ್ಕು ಜನಕ್ಕೆ ಕಾಣಬೇಕು, ಅಷ್ಟೇ" ಎಂದ. ಬೇರೇನೂ ಹೇಳಲಿಲ್ಲ.

ವಾಪಸು ಬರುವಾಗ, ಕಾರು ಸ್ಫಾಕ್ಸ್ ಹತ್ತಿರವಾದಾಗ ಸಿ ಶಾಕಿರ್, ಈ ವರ್ಷದ ಹಣ ಬರದಿದ್ದರೆ ಫ್ರೀಜರ್‌ಗೆ ಬೀಗ ಹಾಕಬೇಕಾದೀತು, ನಿನ್ನ ಪ್ರಬಂಧವೂ ಅದರೊಳಗೇ ಇರುತ್ತದೆ ಎಂದರು. ಕೆಟ್ಟ ಮನುಷ್ಯನಲ್ಲ. ಅವರಿಗೂ ಮೂರು ಮಕ್ಕಳು.

ಅಮ್ಮನಿಗೆ ಫೋನಿನಲ್ಲಿ ಪಟ್ಟಿಯ ವಿಷಯ ಬಾಯಿ ತಪ್ಪಿ ಹೇಳಿಬಿಟ್ಟೆ. ಆಗಲೇ ನಿನ್ನ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ನಾನು ಈಗ ಎತ್ತ ತಿರುಗಿದರೂ ಗೋಡೆ.

ಏನು ಮಾಡಲಿ?

ಝಕಿಯಾ


ಜೈಲಿನಿಂದ
ಫೆಬ್ರವರಿ 20, 2009

ಝಕಿಯಾ,

ಓದಬೇಡ.

ಹಳಿಯ ಮೇಲೆ ನಾವು ಕೂತದ್ದು ಕೆಲಸಕ್ಕಾಗಿ ಮಾತ್ರ ಎಂದು ಪತ್ರಿಕೆಯವರು ಬರೆದರು. ನಮ್ಮ ಎರಡನೆಯ ಬೇಡಿಕೆ ಏನಿತ್ತು ಎಂಬುದು ನಿನಗೆ ಗೊತ್ತು, ಬಟ್ಟೆಯ ಮೇಲೆ ಬರೆದವಳೇ ನೀನು. ಅಪ್ಪನ ಬೆನ್ನು ಬಾಗಿದ್ದು, ಅಮ್ಮನ ಮಂಡಿ, ನಿನ್ನ ಹಲ್ಲು, ನನ್ನ ಹಲ್ಲು

(ಇಲ್ಲಿಂದ ನಾಲ್ಕು ಸಾಲುಗಳಿಗೆ ಶಾಯಿ ಬಳಿದಿದೆ)

ನಾನು ಯಾವ ಮಾತಿಗೆ ಒಳಗೆ ಬಂದೆನೋ ಆ ಮಾತು ಸುಳ್ಳು ಎಂದು ನೀನೇ ಹೊರಗೆ ನಿಂತು ಹೇಳಿದರೆ, ನಾನು ಬಿಡುಗಡೆಯಾಗಿ ಬಂದು ಎಲ್ಲಿ ನಿಲ್ಲಲಿ? ಯಾರ ಮನೆಯ ಬಾಗಿಲಿಗೆ ಹೋಗಲಿ?

ಅಮ್ಮ ಅಳುತ್ತಾಳೆ. ಅಳಲಿ. ಇಲ್ಲಿಗೆ ಬಂದಾಗ ನಾನು ಸಮಾಧಾನ ಮಾಡುತ್ತೇನೆ.

ಲಾಮೀನ್


ಸ್ಫಾಕ್ಸ್
ಮಾರ್ಚ್ 26, 2009

ಅಣ್ಣ,

ಓದಿದೆ.

ನೀನು ಬೇಡವೆಂದ ಪತ್ರ ಸಮಾರಂಭಕ್ಕೆ ಮೊದಲೇ ಬಂದಿತ್ತು. ತಡವಾಗಿ ಬಂತು ಎಂದು ಬರೆಯಬಹುದಿತ್ತು, ಮನಸ್ಸು ಒಪ್ಪಲಿಲ್ಲ.

ಆಟದ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಅಮ್ಮ ಮೊದಲ ಸಾಲಿನಲ್ಲಿ, ತನ್ನ ಮದುವೆಯ ಬೆಳ್ಳಿ ಪಿನ್ನು ಚುಚ್ಚಿಕೊಂಡು ಕೂತಿದ್ದಳು. ನಿನ್ನ ಜೊತೆ ಡೇರೆಯಲ್ಲಿದ್ದವರ ಅಪ್ಪಂದಿರು ಹಿಂದೆ ನಿಂತಿದ್ದರು. ಆ ವಾಕ್ಯ ಬಂದಾಗ ಕಾಗದ ಕೈಜಾರುತ್ತದೆ, ಏನಾದರೂ ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಸ್ಪಷ್ಟವಾಗಿ, ಶಾಲೆಯ ಪಾಠದಂತೆ ಓದಿ ಮುಂದಿನ ವಾಕ್ಯಕ್ಕೆ ಹೋದೆ. ಚಪ್ಪಾಳೆಯೂ ಬಿತ್ತು. ಫೋಟೋದವನು ಎಲ್ಲರೂ ನಗಿ ಎಂದ. ವೇದಿಕೆಯ ಮೇಲಿದ್ದ ರಾಜಧಾನಿಯವರು ನಕ್ಕರು. ಕೆಳಗಿದ್ದ ನಮ್ಮವರು ತುಟಿ ಬಿಗಿದುಕೊಂಡೇ ನಿಂತಿದ್ದರು, ಹಲ್ಲು ಕಾಣಬಾರದಲ್ಲ.

ಇಳಿದು ಬರುವಾಗ ಒಬ್ಬ ಮುದುಕ ನನ್ನ ಕೈ ಹಿಡಿದ. ಉಗಿಯುತ್ತಾನೇನೋ ಅಂದುಕೊಂಡೆ. "ನಿನ್ನ ಜಾಗದಲ್ಲಿ ಇದ್ದಿದ್ರೆ ನಾನೂ ಓದ್ತಿದ್ದೆ, ಮಗಳೇ" ಎಂದ. ಉಗಿದಿದ್ದರೇ ವಾಸಿಯಾಗಿತ್ತು.

ಮಾರ್ಚ್ ಇಪ್ಪತ್ತರಂದು ಅಮ್ಮ ನಿನ್ನ ಕಂದು ಜಾಕೆಟ್ಟು ಮಡಚಿಕೊಂಡು ಜೈಲಿನ ಬಾಗಿಲಿಗೆ ಹೋಗಿದ್ದಳು. ಯಾರ್ಯಾರೋ ಹೊರಗೆ ಬಂದರು. ಬಾಗಿಲು ಮುಚ್ಚಿಕೊಂಡಿತು. ನಿನ್ನ ಹೆಸರು ಪಟ್ಟಿಯಲ್ಲಿ ಯಾಕಿಲ್ಲ ಎಂದು ಅವಳು ಕೇಳಿದ್ದಕ್ಕೆ ಪಹರೆಯವನು, ಜುಲೈನ ಗಣರಾಜ್ಯದ ಹಬ್ಬಕ್ಕೆ ನೋಡೋಣ ಎಂದನಂತೆ. ಕಂಪನಿಯವರಿಗೆ ಫೋನು ಮಾಡಿದೆ. ಎತ್ತುವುದಿಲ್ಲ.

ಬೈದಾದರೂ ಬರೆ.

ಝಕಿಯಾ


ಸ್ಫಾಕ್ಸ್
ಜೂನ್ 28, 2009

ಅಣ್ಣ,

ಮಾರ್ಚ್‌ನಿಂದ ನಿನ್ನ ಒಂದಕ್ಷರ ಇಲ್ಲ. ಬುಧವಾರಗಳಂದು ಅಮ್ಮ ಭೇಟಿಗೆ ಬಂದಾಗ ಗಾಜಿನಾಚೆ ಕೂತು ಬುಟ್ಟಿಯಲ್ಲಿ ಮೆಣಸಿನ ಚಟ್ನಿ ಕಡಿಮೆಯಾಯಿತು ಎಂಬುದನ್ನು ಬಿಟ್ಟರೆ ಬೇರೇನೂ ಮಾತಾಡುವುದಿಲ್ಲವಂತೆ. ನನ್ನ ಹೆಸರು ಬಂದರೆ ಮಾತು ತಿರುಗಿಸುತ್ತೀಯಂತೆ. ಸರಿ. ಆದರೂ ಇದನ್ನು ನನ್ನ ಕೈಯಿಂದಲೇ ನೀನು ತಿಳಿಯಬೇಕು.

ಕಳೆದ ವಾರ ನನ್ನ ಮೌಖಿಕ ಪರೀಕ್ಷೆ ಆಯಿತು. ಸಭಾಂಗಣ ತುಂಬಿತ್ತು, ಕಂಪನಿಯವರೂ ಇದ್ದರು. ಪರೀಕ್ಷಕರಲ್ಲಿ ಒಬ್ಬರು, ವಯಸ್ಸಾದ ಹೆಂಗಸು, ಪತ್ರಿಕೆಯಲ್ಲಿ ಬಂದಿದ್ದ ನನ್ನ ಭಾಷಣ ಓದಿದ್ದರು. ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಬ್ಯಾಕ್ಟೀರಿಯಾ ಬದುಕಿದೆ ಅಂದ್ರೆ ಆ ನೀರು ನಿರಪಾಯ ಅಂತ ನೀವು ಹೇಳಿದ್ದೀರಿ. ಇದನ್ನು ಈಗ ಇಲ್ಲಿ ಸಮರ್ಥಿಸ್ತೀರಾ?"

ಸಿ ಶಾಕಿರ್ ಮೇಜಿನ ಕಡೆ ನೋಡುತ್ತಿದ್ದರು.

"ಇಲ್ಲ ಮೇಡಂ, ಅದು ಸುಳ್ಳು" ಎಂದೆ. ಕೊಳದ ನೀರಿನಲ್ಲೂ ನಮ್ಮ ಬಾವಿಗಳಲ್ಲೂ ನಾನು ಅಳೆದದ್ದನ್ನು ಹಲಗೆಯ ಮೇಲೆ ಬರೆದೆ. ಫ್ಲೋರೈಡ್ ಎಷ್ಟು, ಲೋಹ ಎಷ್ಟು ಎಂದು ತೋರಿಸಿದೆ. ಪ್ರಬಂಧದಿಂದ ತೆಗೆದುಹಾಕಿದ್ದ ಪುಟಗಳು ಅವು. ಪರೀಕ್ಷಕರು ಸೇರಿಸಲೇಬೇಕು ಎಂದು ಬರೆದು ಸಹಿ ಹಾಕಿದರು. ಈ ಪತ್ರಕ್ಕೆ ಶಾಯಿ ಬಳಿದರೂ ಚಿಂತೆಯಿಲ್ಲ, ಅದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.

ಪದವಿ ಸಿಕ್ಕಿತು. ಮೂರನೆಯ ದಿನ ಕಂಪನಿಯ ಗಾಡಿ ಬಂದು ನನ್ನ ಬ್ಯಾಕ್ಟೀರಿಯಾದ ಟ್ಯೂಬುಗಳನ್ನೆಲ್ಲ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಯಿತು. ಒಪ್ಪಂದದ ಪ್ರಕಾರ ಅವು ಅವರವೇ. ಚರ್ಮದ ಕಾರ್ಖಾನೆಯ ಜೊತೆ ಕೆಲಸ ಮುಂದುವರಿಯುತ್ತದೆ, ನನ್ನ ಹೆಸರಿಲ್ಲದೆ. ನನ್ನ ಮೇಜನ್ನು ಖಾಲಿ ಮಾಡಿಸಿದ್ದಾರೆ.

ಜುಲೈ ಪಟ್ಟಿಯಲ್ಲೂ ಇನ್ನು ನಿನ್ನ ಹೆಸರು ಬರಲಾರದು. ಅಮ್ಮ ಇನ್ನೂ ಬೆರಳು ಮಡಚಿ ದಿನ ಎಣಿಸುತ್ತಿದ್ದಾಳೆ. ಸುಳ್ಳು ಹೇಳಿಯೂ ನಿನ್ನನ್ನು ಬಿಡಿಸಲಾಗಲಿಲ್ಲ. ನಿಜ ಹೇಳಿ ನಿನ್ನ ಬಾಗಿಲಿಗೆ ನಾನೇ ಇನ್ನೊಂದು ಬೀಗ ಹಾಕಿದೆ.

ಝಕಿಯಾ


ಜುಲೈ 11, 2009

ಝಕಿಯಾ,

ಜಿಲಾನಿ ಮಾಮನಿಗೆ ಬಿಡುಗಡೆ. ಈ ಪತ್ರ ಅವನ ಕೋಟಿನ ಅಸ್ತರಿನಲ್ಲಿ ಬರುತ್ತಿದೆ. ಅವನಿಗೆ ಊಟ ಹಾಕಿ ಕಳಿಸು. ಯಾರ ಕಣ್ಣಿಗೂ ಬೀಳದ ಪತ್ರವಾದ್ದರಿಂದ ಎಲ್ಲವನ್ನೂ ಬರೆಯಬಹುದು. ಅದೇ ಕಷ್ಟವಾಗಿದೆ.

ನನ್ನ ಬಾಗಿಲಿಗೆ ಬೀಗ ಹಾಕಿದವಳು ನೀನಲ್ಲ.

ಮಾರ್ಚ್ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಹಬ್ಬಕ್ಕೆ ಮೂರು ದಿನ ಮೊದಲು ಜೈಲಿನ ಅಧಿಕಾರಿ ತನ್ನ ಕೋಣೆಗೆ ಕರೆಸಿ ಕ್ಷಮಾದಾನದ ಅರ್ಜಿಗೆ ಸಹಿ ಮಾಡು ಎಂದ. ಬರೆದಿಟ್ಟಿದ್ದ ಅರ್ಜಿ. ಕುಡಿಯುವ ನೀರಿನ ಬಗ್ಗೆ ಸುಳ್ಳು ಹಬ್ಬಿಸಿ ಜನರನ್ನು ಕೆರಳಿಸಿದ್ದಕ್ಕೆ ಪಶ್ಚಾತ್ತಾಪ ಪಡುತ್ತೇನೆ ಎಂದಿತ್ತು. ಪಕ್ಕದಲ್ಲಿ ಪತ್ರಿಕೆಯಿಂದ ಕತ್ತರಿಸಿದ ನಿನ್ನ ಫೋಟೋ. "ನಿನ್ನ ತಂಗೀನೇ ಹೇಳಿದ್ದಾಳೆ, ನಿಂದೇನು ಇನ್ನು?" ಎಂದ.

ಪೆನ್ನು ಕೈಗೆ ತಗೊಂಡೆ. ಹೆಸರಿನ ಮೊದಲ ಅಕ್ಷರವನ್ನೂ ಬರೆದೆ. ಆಮೇಲೆ ಕೈ ಮುಂದೆ ಹೋಗಲಿಲ್ಲ. ದೊಡ್ಡ ಧೈರ್ಯ ಎಂದು ತಿಳಿಯಬೇಡ, ಹಟ. ಎಷ್ಟೋ ಬೆಳಿಗ್ಗೆ ಎದ್ದು, ಮೂರ್ಖ, ಇಷ್ಟು ಹೊತ್ತಿಗೆ ಮನೆಯ ಅಂಗಳದಲ್ಲಿ ಕೂತಿರುತ್ತಿದ್ದೆಯಲ್ಲ ಎಂದು ನನ್ನನ್ನೇ ಬೈದುಕೊಂಡಿದ್ದೇನೆ.

ನಿನಗೆ ಹೇಗೆ ಬರೆಯಲಿ? ನನಗೋಸ್ಕರ ನೀನು ಅದನ್ನು ಓದಿದೆ, ನಾನು ಅದನ್ನು ಮಣ್ಣುಪಾಲು ಮಾಡಿದೆ. ಅಮ್ಮ ಜಾಕೆಟ್ಟು ಹಿಡಿದು ಹೊರಗೆ ನಿಂತಿದ್ದಳು ಎಂದು ನಿನ್ನ ಪತ್ರದಲ್ಲಿ ಓದಿದಾಗ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ನಾನು ಬರಬಹುದಿತ್ತು, ಬರಲಿಲ್ಲ ಎಂದು ಗಾಜಿನಾಚೆಯಿಂದ, ಪಹರೆಯವನ ಎದುರು, ಅವಳಿಗೆ ಹೇಳಲು ನಾಲಿಗೆ ಏಳಲಿಲ್ಲ. ಚಟ್ನಿಯ ಮಾತು ಅದಕ್ಕೇ.

ಶಿಕ್ಷೆ ಮುಗಿಯಲು ಇನ್ನೂ ಒಂದು ಚಳಿಗಾಲ, ಒಂದು ಬೇಸಿಗೆ ಇದೆ. ಸುಳ್ಳು ಆಸೆಯಲ್ಲಿ ಅವಳು ಜುಲೈಗೆ ಕಾಯುವುದು ಬೇಡ. ನೀನು ಊರಿಗೆ ಹೋಗಿ ಹೇಳು. ನಿನ್ನಿಂದ ಇದೊಂದನ್ನು ಕೇಳುತ್ತಿದ್ದೇನೆ.

ಹಲಗೆಯ ಮೇಲೆ ಬರೆದೆ ಎಂದೆಯಲ್ಲ, ಅದನ್ನು ಕೋಣೆಯಲ್ಲಿ ಎಲ್ಲರಿಗೂ ಓದಿದೆ.

ಲಾಮೀನ್


ಬಿರ್ ಲಖ್ದರ್
ಜುಲೈ 19, 2009

ಅಣ್ಣ,

ಜಿಲಾನಿ ಮಾಮ ಸ್ಫಾಕ್ಸ್‌ಗೆ ಬಂದಿದ್ದ. ಎರಡು ತಟ್ಟೆ ಉಂಡ. ಎರಡು ತುಂಡು ಚರ್ಮ ನನ್ನ ಬಳಿ ಉಳಿದಿತ್ತು, ಅವನ್ನು ಬೆರಳಿನಿಂದ ಸವರಿ ಸವರಿ ನೋಡಿದ. ಒಂದನ್ನು ಜೇಬಿಗೆ ಹಾಕಿಕೊಂಡು ಹೋದ.

ನಾನು ಸಾಮಾನು ಕಟ್ಟಿಕೊಂಡು ಊರಿಗೆ ಬಂದಿದ್ದೇನೆ. ನಿಮ್ಮ ನಿರುದ್ಯೋಗಿ ಪದವೀಧರರ ಸಂಘದ ಪಟ್ಟಿಯಲ್ಲಿ ಹೆಸರು ಬರೆಸಿದೆ. ಡಾಕ್ಟರೇಟ್ ಆದವಳು ನಾನೊಬ್ಬಳೇ ಎಂದು ಸಾಲಿನಲ್ಲಿ ಮುಂದೆ ನಿಲ್ಲಿಸಿದರು. ಸಾಲು ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಅಮ್ಮನಿಗೆ ನಿನ್ನೆ ಹೇಳಿದೆ. ಅಂಗಳದಲ್ಲಿ ಕೂತು ಕುಸ್ಕುಸ್‌ಗೆ ರವೆ ಹೊಸೆಯುತ್ತಿದ್ದಳು. ನಿನಗೆ ಬಂದಿದ್ದ ಅವಕಾಶ, ನಿನ್ನ ಪೆನ್ನು, ಒಂದಕ್ಷರ, ಯಾವುದನ್ನೂ ಬಿಡದೆ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಇನ್ನೊಂದು ಸಲ ಹೇಳು ಎಂದಳು. ಹೇಳಿದೆ. ಆಗ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು. ಬೈಯಲಿಲ್ಲ, ಅಳಲಿಲ್ಲ.

"ನೀನು ಅವನಿಗೋಸ್ಕರ ಸುಳ್ಳು ಓದಿದೆ. ಅವನು ನಿಜಕ್ಕೋಸ್ಕರ ಒಳಗೇ ಕೂತ. ಇಬ್ರೂ ಓದಿದೋರು. ಅಮ್ಮಾ, ನಿನಗೇನು ಬೇಕು ಅಂತ ಇಬ್ಬರಲ್ಲಿ ಒಬ್ರೂ ನನ್ನ ಕೇಳಲಿಲ್ಲ."

ಈಗ ಹೇಳಮ್ಮ ಎಂದೆ. ತಲೆಯಾಡಿಸಿದಳು. ಅದರ ಹೊತ್ತು ಮೀರಿತು ಎನ್ನುವಂತೆ.

ಸಂಜೆವರೆಗೂ ಮತ್ತೆ ರವೆ ಹೊಸೆಯುತ್ತ ಕೂತಳು. ಬುಧವಾರ ಹೋಗುತ್ತೀಯಾ ಎಂದು ಹೆದರುತ್ತಲೇ ಕೇಳಿದೆ. "ಹೋಗದೆ? ಅವನಿಗೆ ಹೊಟ್ಟೆ ಇಲ್ವಾ?" ಎಂದಳು. ಆಮೇಲೆ, "ಆದ್ರೆ ಮಾತಾಡಲ್ಲ. ಗಾಜಿನ ಈಚೆ ಸುಮ್ನೆ ಕೂತ್ಕೋತೀನಿ. ಹೊತ್ತು ಮುಗಿಯೋವರೆಗೂ ನನ್ನ ಮುಖ ನೋಡ್ಕೊಂಡು ಕೂತಿರ್ಲಿ" ಎಂದಳು.

ಅಂತೂ ಬರುತ್ತಾಳೆ. ನೀನಾಗಿ ಮಾತು ತೆಗೆಯಬೇಡ, ತಲೆಯನ್ನೂ ತಗ್ಗಿಸಬೇಡ. ಅವಳು ನೋಡುವಷ್ಟು ಹೊತ್ತೂ ನೋಡು.

ನಿನ್ನ ತಂಗಿ,
ಝಕಿಯಾ